ಒಣ ದಿನ 1: ಒಂದೇ ಹೆಸರಿನ ಎರಡು ಪ್ರೊಸೀಜರ್‌ಗಳ ಪ್ರಕರಣ

ಫೆಬ್ರವರಿ 14ರ ಬೆಳಿಗ್ಗೆ ದೊಡ್ಡಪ್ಪ ಕಾಫಿ ಲೋಟ ಒಂದು ಕೈಯಲ್ಲಿ, ನಮ್ಮ ಮಳೆ ವರದಿಯ ಕಾಗದ ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಜಗಲಿಗೆ ಬಂದರು. ಮುಖದಲ್ಲಿ ಸಿಟ್ಟಿರಲಿಲ್ಲ, ಗೊಂದಲ ಇತ್ತು.

"ಏನಮ್ಮಾ ಇದು? ಜನವರಿ ನಾಲ್ಕಕ್ಕೆ ಕಣದ ಕಾಫಿ ನೆಂದದ್ದೇ ಕೊನೆ. ಆಮೇಲೆ ಒಂದು ಹನಿ ಬಿದ್ದಿಲ್ಲ. ನಿನ್ನ ಕಾಗದದಲ್ಲಿ ಒಣ ದಿನ ಒಂದು ಅಂತಿದೆ."

ನಾನು ಕಾಗದ ನೋಡಿದೆ. ಈ ವರ್ಷದ ಒಟ್ಟು ಮಳೆ 20 ಸೆಂಟ್, ಅಂದರೆ ಇಂಚಿನ ನೂರರಲ್ಲಿ ಇಪ್ಪತ್ತು ಪಾಲು. ಸರಿ. ಒಂದೇ ದಿನದ ಹೆಚ್ಚಿನ ಮಳೆ 20 ಸೆಂಟ್. ಅದೂ ಸರಿ. ಸತತ ಒಣ ದಿನ 1. ಜನವರಿ 5ರಿಂದ ಎಣಿಸಿದರೆ ಅದು 41 ಆಗಬೇಕಿತ್ತು.

ನಮ್ಮ ತೋಟ ಇರುವುದು ಕೊಡಗಿನ ಅಮ್ಮತ್ತಿ ಕಡೆ. ಇಲ್ಲಿ ರೊಬಸ್ಟಾ ಕಾಫಿ ಜಾಸ್ತಿ. ರೊಬಸ್ಟಾ ಬೆಳೆಯುವವರಿಗೆ ಫೆಬ್ರವರಿ, ಮಾರ್ಚ್‌ನಲ್ಲಿ ಈ ಒಂದು ಸಂಖ್ಯೆ ತುಂಬಾ ಮುಖ್ಯ. ಹೂಮಳೆ, ಅಂದರೆ ಮೊಗ್ಗು ಅರಳಿಸುವ ಮಳೆ, ತಾನಾಗಿ ಬರುತ್ತದಾ, ಇಲ್ಲ ಕೆರೆಯ ನೀರನ್ನು ಸ್ಪ್ರಿಂಕ್ಲರ್‌ನಲ್ಲಿ ಕೊಡಬೇಕಾ ಅನ್ನುವ ತೀರ್ಮಾನ ಆಗ ಆಗುತ್ತದೆ. ಗಿಡ ಎಷ್ಟು ದಿನ ಒಣಗಿದೆ, ಮೊಗ್ಗು ಯಾವ ಹದಕ್ಕೆ ಬಂದಿದೆ, ಕೆರೆಯಲ್ಲಿ ಎಷ್ಟು ನೀರಿದೆ, ಎಲ್ಲ ಸೇರಿಸಿ ನೋಡುತ್ತಾರೆ. ಒಮ್ಮೆ ನೀರು ಕೊಟ್ಟರೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಅದಾದ ಮೇಲೆ ಎರಡು ಮೂರು ವಾರದಲ್ಲಿ ಬ್ಯಾಕಿಂಗ್ ಮಳೆಯೋ (ಹೂವಾದ ಮೇಲೆ ಕಾಯಿ ಕಚ್ಚಲು ಬೇಕಾದ ಮಳೆ) ನೀರೋ ಬೇಕೇ ಬೇಕು. ಡೀಸೆಲ್ ಖರ್ಚು ಬೇರೆ. ದೊಡ್ಡಪ್ಪನಿಗೆ ತಮ್ಮ ಲೆಕ್ಕ ತಲೆಯಲ್ಲೇ ಇತ್ತು, ಹಾಗಾಗಿ ನಮ್ಮ ಕಾಗದದಿಂದ ಯಾವ ನಷ್ಟವೂ ಆಗಲಿಲ್ಲ. ಆದರೆ ಅವರು ಆ ಕಾಗದವನ್ನು ನಂಬಲು ಶುರು ಮಾಡಿದ್ದರು. ನನಗೆ ಚುಚ್ಚಿದ್ದು ಅದು.

ಆ ಸಂಖ್ಯೆ ಯಾಕೆ ತಪ್ಪಿತು ಅಂತ ಪೂರ್ತಿ ಬರೆದಿಡುತ್ತಿದ್ದೇನೆ. ಸ್ಕೀಮ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದಕ್ಕಿಂತ ಜಾಸ್ತಿ ಫೈಲ್ ಇಟ್ಟುಕೊಂಡು ಕೆಲಸ ಮಾಡುವ ಯಾರಿಗಾದರೂ ಇದು ಆಗಬಹುದು.

ಪ್ರೋಗ್ರಾಮ್ ಏನು ಮಾಡುತ್ತದೆ

ಕೊಡಗಿನ ಹಳೆಯ ತೋಟದ ಮನೆಗಳಲ್ಲಿ ಒಂದು ಮಳೆ ಪುಸ್ತಕ ಇರುತ್ತದೆ. ಬೆಳಿಗ್ಗೆ ಮಳೆ ಮಾಪಕ ನೋಡಿ ಇಂಚು ಮತ್ತು ಸೆಂಟ್‌ನಲ್ಲಿ ಬರೆಯುತ್ತಾರೆ. 100 ಸೆಂಟ್ ಸೇರಿದರೆ 1 ಇಂಚು, ಅಂದರೆ 25.4 ಮಿಲಿಮೀಟರ್. ದೊಡ್ಡಪ್ಪನೂ ಹೀಗೇ ಬರೆಯುತ್ತಾರೆ. ಮಳೆ ಇಲ್ಲದ ದಿನ ಒಂದು ಸಣ್ಣ ಗೆರೆ ಎಳೆಯುತ್ತಾರೆ. ಅವರ ಮಗ, ನನ್ನ ತಮ್ಮ, ಅದನ್ನು ಕಂಪ್ಯೂಟರ್‌ಗೆ ಹಾಕುತ್ತಾನೆ. ಗೆರೆ ಇದ್ದರೆ 0, 35 ಸೆಂಟ್ ಇದ್ದರೆ 35, 1 ಇಂಚು 12 ಸೆಂಟ್ ಇದ್ದರೆ 112. ವರದಿ ತಯಾರಿಸುವ ಪ್ರೋಗ್ರಾಮ್ ನಾನು ಗೈಲ್‌ನಲ್ಲಿ ಬರೆದದ್ದು. ಗೈಲ್ ಅಂದರೆ ಸ್ಕೀಮ್‌ನ ಒಂದು ಅನುಷ್ಠಾನ, ಸ್ಕೀಮ್‌ನಲ್ಲಿ ಬರೆದದ್ದನ್ನು ಓಡಿಸುವ ಸಾಫ್ಟ್‌ವೇರ್. ನಾವು ಬಳಸುವುದು 2020ರಲ್ಲಿ ಬಂದ 3.0ರ ಸಾಲಿನದು. ಬೆಳಿಗ್ಗೆ ಕ್ರಾನ್ (ಹೇಳಿದ ಹೊತ್ತಿಗೆ ಪ್ರೋಗ್ರಾಮ್ ಓಡಿಸುವ ವ್ಯವಸ್ಥೆ) ಅದನ್ನು ತಾನಾಗಿ ಓಡಿಸುತ್ತದೆ, ಪ್ರಿಂಟರ್ ಒಂದು ಕಾಗದ ಉಗುಳುತ್ತದೆ. ಒಣ ದಿನದ ಸಾಲು ಜನವರಿಯಿಂದ ಮೇ ತನಕ ಮಾತ್ರ ಅಚ್ಚಾಗುತ್ತದೆ. ಮಳೆಗಾಲದಲ್ಲಿ ಅದನ್ನು ಕೇಳುವವರು ಯಾರು?

ಶುರುವಿನಲ್ಲಿ ನನಗೆ ಪಟ್ಟಿಯನ್ನು ಒಂದೊಂದಾಗಿ ಮಡಿಸುತ್ತಾ ಹೋಗಿ ಕೊನೆಗೆ ಒಂದೇ ಉತ್ತರ ಕೊಡುವ ಪ್ರೊಸೀಜರ್ ಬೇಕಿತ್ತು. ಪ್ರೊಸೀಜರ್ ಅಂದರೆ ಹೆಸರು ಹೇಳಿ ಕರೆದರೆ ಒಂದು ಕೆಲಸ ಮಾಡುವ ಪ್ರೋಗ್ರಾಮಿನ ತುಂಡು. ನಾನೇ ಒಂದು ಬರೆದುಕೊಂಡೆ, ಫೋಲ್ಡ್ ಅಂತ ಹೆಸರಿಟ್ಟೆ. ಇಲ್ಲಿ ಓದಲು ಸುಲಭವಾಗಲಿ ಅಂತ ಕೀವರ್ಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ:

(ಡಿಫೈನ್ (ಫೋಲ್ಡ್ ಕೆಲಸ ಮೊತ್ತ ಪಟ್ಟಿ)
  (ಇಫ್ (ನಲ್? ಪಟ್ಟಿ)
      ಮೊತ್ತ
      (ಫೋಲ್ಡ್ ಕೆಲಸ
              (ಕೆಲಸ ಮೊತ್ತ (ಕಾರ್ ಪಟ್ಟಿ))
              (ಕುಡರ್ ಪಟ್ಟಿ))))

ನಲ್? ಅಂದರೆ ಪಟ್ಟಿ ಖಾಲಿಯಾ ಅನ್ನುವ ಪ್ರಶ್ನೆ, ಕಾರ್ ಅಂದರೆ ಪಟ್ಟಿಯ ಮೊದಲ ಅಂಶ, ಕುಡರ್ ಅಂದರೆ ಉಳಿದ ಪಟ್ಟಿ. ನೋಡಬೇಕಾದ್ದು ಒಂದೇ. ಕೆಲಸಕ್ಕೆ ಮೊದಲು ಇಲ್ಲಿಯವರೆಗಿನ ಮೊತ್ತ ಕೊಡುತ್ತೇವೆ, ಆಮೇಲೆ ಪಟ್ಟಿಯ ಅಂಶ. ಇದರ ಮೇಲೆ ಒಣ ದಿನದ ಲೆಕ್ಕ ಕೂತಿದೆ:

(ಡಿಫೈನ್ (ಒಣ-ದಿನ ಪಟ್ಟಿ)
  (ಫೋಲ್ಡ್ (ಲ್ಯಾಂಬ್ಡಾ (ಎಣಿಕೆ ಮಳೆ)
            (ಇಫ್ (= ಮಳೆ 0) (+ ಎಣಿಕೆ 1) 0))
          0
          ಪಟ್ಟಿ))

ಮಳೆ ಸೊನ್ನೆ ಇದ್ದರೆ ಎಣಿಕೆಗೆ ಒಂದು ಸೇರಿಸು, ಮಳೆ ಬಂದಿದ್ದರೆ ಎಣಿಕೆಯನ್ನು ಸೊನ್ನೆ ಮಾಡು. ಅಷ್ಟೇ. ಒಟ್ಟು ಮಳೆಗೂ ಹೆಚ್ಚಿನ ಮಳೆಗೂ ಇದೇ ಫೋಲ್ಡ್ ಬಳಸಿದ್ದೆ.

ಸ್ವಲ್ಪ ಕಾಲದ ನಂತರ ಪಟ್ಟಿಯ ಕೆಲಸಕ್ಕೆ ಇನ್ನೂ ಒಂದೆರಡು ಪ್ರೊಸೀಜರ್ ಬೇಕಾದವು. ಫಿಲ್ಟರ್-ಮ್ಯಾಪ್ ಮತ್ತು ಲಾಸ್ಟ್. ಅವು ಸರ್ಫಿ-1ರಲ್ಲಿವೆ. ಸರ್ಫಿ-1 ಅಂದರೆ ಓಲಿನ್ ಶಿವರ್ಸ್ 1999ರಲ್ಲಿ ಕೊಟ್ಟ ಪಟ್ಟಿ ಲೈಬ್ರರಿ. ಹೆಚ್ಚುಕಮ್ಮಿ ಎಲ್ಲ ಸ್ಕೀಮ್‌ಗಳಲ್ಲೂ ಅದು ಸಿಗುತ್ತದೆ. ಫೈಲಿನ ತಲೆಯಲ್ಲಿ ಒಂದು ಸಾಲು ಸೇರಿಸಿ ಸರ್ಫಿ-1 ಅನ್ನು ಇಡಿಯಾಗಿ ತಂದುಕೊಂಡೆ, ಅಂದರೆ ಇಂಪೋರ್ಟ್ ಮಾಡಿದೆ. ವರದಿ ಸರಿಯಾಗಿ ಬಂತು. ಗೈಲ್ ಒಂದು ಮಾತೂ ಆಡಲಿಲ್ಲ.

ಸರ್ಫಿ-1ರಲ್ಲೂ ಒಂದು ಫೋಲ್ಡ್ ಇದೆ. ಅದನ್ನು ನಾನು ಗಮನಿಸಲಿಲ್ಲ. ಗಮನಿಸುವ ಅಗತ್ಯವೂ ಬೀಳಲಿಲ್ಲ. ಗೈಲ್‌ನ ಮಾಡ್ಯೂಲ್ (ತನ್ನದೇ ಹೆಸರುಗಳಿರುವ ಒಂದು ಫೈಲ್ ಅಂದುಕೊಳ್ಳಿ) ಒಂದು ಹೆಸರನ್ನು ಹುಡುಕುವಾಗ ಮೊದಲು ತನ್ನ ಒಳಗೆ ನೋಡುತ್ತದೆ, ಅಲ್ಲಿಲ್ಲದಿದ್ದರೆ ಮಾತ್ರ ಇಂಪೋರ್ಟ್ ಮಾಡಿದ್ದರಲ್ಲಿ ಹುಡುಕುತ್ತದೆ. ನನ್ನ ಫೋಲ್ಡ್ ಒಳಗೇ ಇತ್ತು, ಅದೇ ಗೆದ್ದಿತು. ಸರ್ಫಿ-1ರ ಫೋಲ್ಡ್ ಅದರ ಕೆಳಗೆ ಸುಮ್ನೆ ಮಲಗಿತ್ತು.

ಸೆಪ್ಟೆಂಬರಿನಲ್ಲಿ ಏನಾಯಿತು

ಕಾಫಿ ಕುಯ್ಲು ಹತ್ತಿರ ಬರುತ್ತಿತ್ತು. ಯಾರು ಎಷ್ಟು ಕಿಲೋ ಕುಯ್ದರು, 50 ಕಿಲೋ ಚೆರ್ರಿ ಮೂಟೆಗೆ ಎಷ್ಟು ಕಿಲೋ ಬೇಳೆ ಸಿಕ್ಕಿತು, ಇಂಥ ಲೆಕ್ಕಕ್ಕೆ ತಮ್ಮ ಒಂದು ಪ್ರೋಗ್ರಾಮ್ ಶುರು ಮಾಡಿದ. ಅವನಿಗೂ ನನ್ನ ಫೋಲ್ಡ್ ಬೇಕಾಯಿತು. ಒಂದೇ ಪ್ರೊಸೀಜರ್ ಎರಡು ಕಡೆ ನಕಲು ಮಾಡಿ ಇಡುವುದು ಬೇಡ ಅಂತ, ಅದನ್ನು ಮಳೆ ವರದಿಯ ಫೈಲಿನಿಂದ ತೆಗೆದು ಸಲಕರಣೆ ಅನ್ನುವ ಹೊಸ ಮಾಡ್ಯೂಲ್‌ಗೆ ಹಾಕಿದ. ಸರಿಯಾದ ಯೋಚನೆ, ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ತನ್ನ ಕಾಫಿ ಲೆಕ್ಕದ ಫೈಲಿನಲ್ಲಿ ಸಲಕರಣೆಯನ್ನು ಇಂಪೋರ್ಟ್ ಮಾಡಿದ. ಮಳೆ ವರದಿಯ ಫೈಲಿನಲ್ಲಿ ಆ ಸಾಲು ಸೇರಿಸಲು ಮರೆತ.

ಸಾಮಾನ್ಯವಾಗಿ ಇದು ದೊಡ್ಡ ವಿಷಯವಲ್ಲ. ಫೋಲ್ಡ್ ಅನ್ನುವ ಹೆಸರೇ ಇಲ್ಲ ಅಂತ ಪ್ರೋಗ್ರಾಮ್ ನಿಂತುಬಿಡುತ್ತದೆ, ಎರಡು ನಿಮಿಷದಲ್ಲಿ ಸರಿ ಮಾಡುತ್ತೇವೆ. ಇಲ್ಲಿ ಹಾಗಾಗಲಿಲ್ಲ. ಮೇಲಿನ ಫೋಲ್ಡ್ ಎದ್ದು ಹೋದ ಕೂಡಲೇ ಕೆಳಗೆ ಮಲಗಿದ್ದ ಫೋಲ್ಡ್ ಎದ್ದು ಆ ಜಾಗದಲ್ಲಿ ಕೂತಿತು. ಅದಕ್ಕೂ ಮೂರು ಆರ್ಗ್ಯುಮೆಂಟ್ (ಪ್ರೊಸೀಜರ್‌ಗೆ ಕೊಡುವ ಬೆಲೆಗಳು) ಸಾಕು. ಅದೇ ಕ್ರಮದಲ್ಲಿ: ಕೆಲಸ, ಆರಂಭದ ಬೆಲೆ, ಪಟ್ಟಿ. ಹೊರಗಿನಿಂದ ನೋಡಿದರೆ ಒಂದು ಕೂದಲಿನ ವ್ಯತ್ಯಾಸವೂ ಇಲ್ಲ. ವ್ಯತ್ಯಾಸ ಇರುವುದು ಒಳಗೆ. ಸರ್ಫಿ-1ರ ಫೋಲ್ಡ್ ಕೆಲಸಕ್ಕೆ ಮೊದಲು ಪಟ್ಟಿಯ ಅಂಶ ಕೊಡುತ್ತದೆ, ಆಮೇಲೆ ಮೊತ್ತ. ನನ್ನದಕ್ಕೆ ಸರಿಯಾಗಿ ಉಲ್ಟಾ.

ಕೂಡುವುದಕ್ಕೆ ಇದರಿಂದ ಏನೂ ಆಗುವುದಿಲ್ಲ. 3ಕ್ಕೆ 5 ಕೂಡಿದರೂ 5ಕ್ಕೆ 3 ಕೂಡಿದರೂ 8. ಎರಡರಲ್ಲಿ ದೊಡ್ಡದು ಯಾವುದು ಅಂತ ಕೇಳಿದರೂ ಅಷ್ಟೇ. ಹಾಗಾಗಿ ಒಟ್ಟು ಮಳೆ ಸರಿ ಬಂತು, ಹೆಚ್ಚಿನ ಮಳೆ ಸರಿ ಬಂತು. ಒಣ ದಿನದ ಲೆಕ್ಕದಲ್ಲಿ ಮಾತ್ರ ಎಣಿಕೆ ಅಂತ ಬರೆದ ಕಡೆ ಮಳೆ ಬಂದು ಕೂತಿತು, ಮಳೆ ಅಂತ ಬರೆದ ಕಡೆ ಎಣಿಕೆ. ಎರಡೂ ಸಂಖ್ಯೆಗಳೇ ಆದ್ದರಿಂದ ಗೈಲ್‌ಗೆ ತಕರಾರು ಮಾಡಲು ಕಾರಣವೇ ಇರಲಿಲ್ಲ.

ಸೆಪ್ಟೆಂಬರಿನಿಂದ ಡಿಸೆಂಬರ್ ತನಕ ಆ ಸಾಲು ಅಚ್ಚಾಗುತ್ತಿರಲಿಲ್ಲ. ಜನವರಿಯಲ್ಲಿ ಮನೆಯವರೆಲ್ಲ ಕುಯ್ಲಿನಲ್ಲಿ ಮುಳುಗಿದ್ದರು. ಕಾಗದ ದಿನಾ ಬರುತ್ತಿತ್ತು, ಆ ಸಾಲನ್ನು ನೋಡಿದವರಿಲ್ಲ.

ಹುಡುಕಿದ ದಾರಿ

ಮೊದಲ ಅರ್ಧ ದಿನ ನಾವು ತಪ್ಪು ಜಾಗದಲ್ಲಿ ಹುಡುಕಿದೆವು. ದೊಡ್ಡಪ್ಪ ಎಳೆಯುವ ಗೆರೆಯನ್ನು ತಮ್ಮ ಎಲ್ಲೋ ಖಾಲಿ ಬಿಟ್ಟಿರಬಹುದು ಅಂದುಕೊಂಡೆ. ಪುಸ್ತಕ ಮತ್ತು ಫೈಲ್ ಎದುರಿಗಿಟ್ಟು ಒಂದೊಂದು ದಿನ ಓದಿದೆವು. ಎಲ್ಲ ಸರಿಯಿತ್ತು. ಆಮೇಲೆ ಇಂಚು ಮತ್ತು ಮಿಲಿಮೀಟರ್ ಅದಲುಬದಲಾಗಿದೆಯಾ ಅಂತ ನೋಡಿದೆವು. ಅದೂ ಅಲ್ಲ.

ಆಗ ತಮ್ಮ ಹಳೆಯ ಕಾಗದಗಳ ಕಟ್ಟು ತಂದ. ಜನವರಿಯಿಂದ ಒಂದೊಂದೇ ಮೇಜಿನ ಮೇಲೆ ಹರಡಿದ.

"ಅಕ್ಕ, ಇಲ್ಲಿ ನೋಡು. ಒಂದು ದಿನ 1, ಮರುದಿನ 0. ಮತ್ತೆ 1, ಮತ್ತೆ 0. ತಿಂಗಳು ಪೂರ್ತಿ ಹೀಗೇ."

ಕೆಟ್ಟ ಡೇಟಾ ಇಷ್ಟು ಚೊಕ್ಕವಾಗಿ ಕುಣಿಯುವುದಿಲ್ಲ ಅಲ್ವಾ? ಹಾಗಾದರೆ ತಪ್ಪು ಲೆಕ್ಕದಲ್ಲೇ ಇದೆ. ಹಿಂದಿನ ವರ್ಷದ ಏಪ್ರಿಲ್ ತಿಂಗಳನ್ನು ಈಗಿನ ಪ್ರೋಗ್ರಾಮ್‌ಗೆ ಕೊಟ್ಟು ದಿನ ದಿನದ ಉತ್ತರ ತೆಗೆದೆವು. 35 ಸೆಂಟ್ ಮಳೆ ಬಂದ ದಿನ "ಸತತ ಒಣ ದಿನ 36" ಅಂತ ಬಂತು. 112 ಸೆಂಟ್ ಬಂದ ದಿನ 113. ಮಳೆ ಬಂದ ಕೆಲವು ದಿನ 0 ಇತ್ತು, ಉಳಿದ ಮಳೆ ದಿನಗಳಲ್ಲೆಲ್ಲ ಮಳೆಗಿಂತ ಸರಿಯಾಗಿ ಒಂದು ಜಾಸ್ತಿ. ಒಂದು ಕೂಡುವ ಜಾಗ ಇಡೀ ಪ್ರೊಸೀಜರ್‌ನಲ್ಲಿ ಇರುವುದು ಒಂದೇ ಕಡೆ, ಎಣಿಕೆಗೆ 1 ಕೂಡುವಲ್ಲಿ. ಅಂದರೆ ಎಣಿಕೆ ಅನ್ನುವ ಪೆಟ್ಟಿಗೆಯಲ್ಲಿ ಮಳೆ ಇದೆ. ಅದು ಹೊಳೆದ ಕ್ಷಣ ನಾನು ಕುರ್ಚಿಯಿಂದ ಎದ್ದೆ.

ಆರು ದಿನದ ಒಂದು ಪುಟ್ಟ ಪಟ್ಟಿ ಮಾಡಿ ಕಾಗದದ ಮೇಲೆ ಕೈಯಲ್ಲೇ ನಡೆಸಿ ನೋಡಿದೆವು. ಮಳೆ: 0, 0, 35, 0, 0, 0. ನನ್ನ ಫೋಲ್ಡ್‌ನಲ್ಲಿ ಎಣಿಕೆ 1, 2, 0, 1, 2, 3 ಅಂತ ಹೋಗಬೇಕು, ಕೊನೆಯ ಉತ್ತರ 3. ಎರಡು ಆರ್ಗ್ಯುಮೆಂಟ್ ಅದಲುಬದಲು ಮಾಡಿ ನಡೆಸಿದರೆ 1, 0, 36, 0, 1, 0. ಕೊನೆಯ ಉತ್ತರ 0. ಕಾಗದಗಳ ಕುಣಿತ ಹಾಗೇ ಸಿಕ್ಕಿತು.

ಇಲ್ಲೊಂದು ಕಡೆ ಎಡವಿದೆವು, ಅದನ್ನೂ ಹೇಳಬೇಕು. ತಮ್ಮ ಅದೇ ಆರು ದಿನದ ಪಟ್ಟಿಯನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದಿದ್ದ, ಒಂದೊಂದು ಸಾಲು ಟೈಪ್ ಮಾಡಿದ ಕೂಡಲೇ ಉತ್ತರ ಕೊಡುವ ಗೈಲ್ ಪ್ರಾಂಪ್ಟ್‌ಗೆ ಕೊಟ್ಟ. ಉತ್ತರ 3 ಬಂತು. ಫೈಲ್ ಓಡಿಸಿದರೆ 0. ಇಬ್ಬರೂ ಒಂದು ಗಂಟೆ ತಲೆ ಕೆರೆದುಕೊಂಡೆವು. ಆಮೇಲೆ ಗೊತ್ತಾಯಿತು, ಅವನು ಹಿಂದಿನ ದಿನ ಅದೇ ಪ್ರಾಂಪ್ಟ್‌ನಲ್ಲಿ ನನ್ನ ಹಳೆಯ ಫೋಲ್ಡ್ ಟೈಪ್ ಮಾಡಿ ನೋಡಿದ್ದ. ಅದು ಅಲ್ಲೇ ಉಳಿದಿತ್ತು. ಪ್ರಾಂಪ್ಟ್‌ನಲ್ಲಿ ಯಾವ ಹೆಸರನ್ನು ಎಷ್ಟು ಸಲ ಬೇಕಾದರೂ ಹೊಸದಾಗಿ ಡಿಫೈನ್ ಮಾಡಬಹುದು, ಅದು ಇರುವುದೇ ಆಟವಾಡಿ ನೋಡುವುದಕ್ಕೆ. ಮಾಡ್ಯೂಲ್‌ನ ಹೆಸರಿನ ಜಗಳವನ್ನು ಹಳೆಯ ಪ್ರಾಂಪ್ಟ್‌ನಲ್ಲಿ ಬಿಡಿಸಲು ಹೋಗಬೇಡಿ. ಹೊಸದಾಗಿ ತೆರೆದು, ಫೈಲ್ ಲೋಡ್ ಮಾಡಿ, ಆ ಮಾಡ್ಯೂಲ್‌ನ ಒಳಗೆ ಹೋಗಿ ಕೇಳಿ.

ಹಾಗೆ ಮಾಡಿ ಬರೀ ಫೋಲ್ಡ್ ಅಂತ ಟೈಪ್ ಮಾಡಿದೆ. ಗೈಲ್ ಆ ಪ್ರೊಸೀಜರ್‌ನ ಆರ್ಗ್ಯುಮೆಂಟ್ ಹೆಸರುಗಳನ್ನು ತೋರಿಸಿತು. ಅದರಲ್ಲಿ ಕೆ ಅಕ್ಷರದಿಂದ ಶುರುವಾಗುವ ಕಾನ್ಸ್ ಮತ್ತು ಕೆನಿಲ್ ಇದ್ದವು. ಅವು ಸರ್ಫಿ-1ರ ಬರಹದಲ್ಲಿ ಇರುವ ಹೆಸರುಗಳು. ನನ್ನ ಫೋಲ್ಡ್‌ನಲ್ಲಿ ಇದ್ದದ್ದು ಕೆಲಸ, ಮೊತ್ತ, ಪಟ್ಟಿ. ಅಲ್ಲಿಗೆ ಮುಗಿಯಿತು. ಫೈಲ್‌ಗಳ ಹಳೆಯ ರೂಪಗಳನ್ನು ಉಳಿಸಿಡುವ ಗಿಟ್‌ನಲ್ಲಿ ಸೆಪ್ಟೆಂಬರಿನ ಬದಲಾವಣೆ ತೆಗೆದು ನೋಡಿದರೆ ಎಲ್ಲ ಕಣ್ಣೆದುರಿಗೇ ಇತ್ತು.

ಯಾರು ಹೇಳಬೇಕಿತ್ತು

ಈ ಪ್ರಶ್ನೆ ನನ್ನನ್ನು ಎರಡು ದಿನ ಬಿಡಲಿಲ್ಲ. ಗೈಲ್ ಯಾಕೆ ಸುಮ್ಮನಿತ್ತು? ಬೇರೆ ಸ್ಕೀಮ್ ಆಗಿದ್ದರೆ ಹೇಳುತ್ತಿತ್ತಾ?

ಸ್ಕೀಮ್ 1975ರಲ್ಲಿ ಎಂಐಟಿಯಲ್ಲಿ ಗೈ ಸ್ಟೀಲ್ ಮತ್ತು ಜೆರಾಲ್ಡ್ ಸಸ್‌ಮನ್ ಕೈಯಲ್ಲಿ ಹುಟ್ಟಿದ ಭಾಷೆ. 1998ರ ಆರ್‌5ಆರ್‌ಎಸ್ ತನಕ ಅದರ ಗ್ರಂಥದಲ್ಲಿ, ಅಂದರೆ ಭಾಷೆಯ ನಿಯಮಗಳನ್ನು ಬರೆದಿಟ್ಟ ವರದಿಯಲ್ಲಿ, ಮಾಡ್ಯೂಲ್ ಅನ್ನುವುದೇ ಇರಲಿಲ್ಲ. ಪ್ರತಿಯೊಂದು ಅನುಷ್ಠಾನವೂ ತನಗೆ ತೋಚಿದಂತೆ ಮಾಡಿಕೊಂಡಿತು. ಇವತ್ತು ಒಂದೊಂದು ಸ್ಕೀಮ್ ಒಂದೊಂದು ಥರ ನಡೆದುಕೊಳ್ಳುವುದಕ್ಕೆ ಇದೂ ಒಂದು ಕಾರಣ.

2007ರ ಆರ್‌6ಆರ್‌ಎಸ್ ಲೈಬ್ರರಿಗಳನ್ನು ತಂದಿತು, ನಿಯಮವನ್ನೂ ಕಟ್ಟುನಿಟ್ಟಾಗಿ ಹಾಕಿತು. ಒಂದು ಹೆಸರನ್ನು ಇಂಪೋರ್ಟ್ ಮಾಡಿದ್ದರೆ ಅದೇ ಹೆಸರನ್ನು ಅಲ್ಲಿ ಮತ್ತೆ ಡಿಫೈನ್ ಮಾಡುವಂತಿಲ್ಲ. ಎರಡು ಲೈಬ್ರರಿಗಳಿಂದ ಒಂದೇ ಹೆಸರು ಬರುವುದಾದರೆ ಎರಡೂ ಒಂದೇ ವಸ್ತುವನ್ನು ತೋರಿಸುತ್ತಿರಬೇಕು. 2013ರ ಆರ್‌7ಆರ್‌ಎಸ್ ಕೂಡ ಇಂಪೋರ್ಟ್ ಮಾಡಿದ ಹೆಸರನ್ನು ಮತ್ತೆ ಡಿಫೈನ್ ಮಾಡುವುದು ತಪ್ಪು ಅನ್ನುತ್ತದೆ. ಆದರೆ ಅಲ್ಲಿ "ತಪ್ಪು" ಅನ್ನುವ ಮಾತಿಗೆ ಬೇರೆ ತೂಕ. ಬರೆಯುವವರು ಹಾಗೆ ಮಾಡಬಾರದು, ಆದರೆ ಅನುಷ್ಠಾನ ಅದನ್ನು ಹಿಡಿದು ಹೇಳಲೇಬೇಕು ಅಂತ ಇಲ್ಲ. ಪ್ರಾಂಪ್ಟ್‌ನಲ್ಲಂತೂ ಬಿಡಬೇಕು ಅಂತಲೇ ಅದು ಹೇಳುತ್ತದೆ.

ಕುತೂಹಲಕ್ಕೆ ನನ್ನ ಹಳೆಯ ಫೈಲನ್ನು, ಅಂದರೆ ಸ್ವಂತ ಫೋಲ್ಡ್ ಮತ್ತು ಇಡೀ ಸರ್ಫಿ-1 ಎರಡೂ ಇದ್ದದ್ದನ್ನು, ಸ್ಕೀಮ್ ಕುಟುಂಬದ ಇನ್ನೊಂದು ಭಾಷೆಯಾದ ರ‍್ಯಾಕೆಟ್‌ಗೆ ಬದಲಿಸಿ ಓಡಿಸಿದೆ. ಈ ಹೆಸರು ಈಗಾಗಲೇ ರಿಕ್ವೈರ್ ಆಗಿದೆ (ಇಂಪೋರ್ಟ್‌ಗೆ ಅಲ್ಲಿನ ಮಾತು) ಅಂತ ಅದು ಅಲ್ಲೇ ನಿಲ್ಲಿಸಿತು. ರ‍್ಯಾಕೆಟ್ ಒಂದು ಒಳ್ಳೆಯ ಭೇದ ಮಾಡುತ್ತದೆ. ಫೈಲಿನ ಮೊದಲ ಸಾಲಿನಲ್ಲಿ ಹೇಳುವ ಭಾಷೆಯಿಂದ ಬಂದ ಹೆಸರನ್ನು ನಾವು ಮತ್ತೆ ಡಿಫೈನ್ ಮಾಡಿಕೊಳ್ಳಬಹುದು, ತೊಂದರೆಯಿಲ್ಲ. ನಾವೇ ಕೇಳಿ ರಿಕ್ವೈರ್ ಮಾಡಿಕೊಂಡ ಹೆಸರನ್ನು ಮತ್ತೆ ಡಿಫೈನ್ ಮಾಡಿದರೆ ಬಿಡುವುದಿಲ್ಲ. ನನಗೆ ಇದು ನ್ಯಾಯವಾಗಿ ಕಾಣುತ್ತದೆ. ಬೇಕು ಅಂತ ಬಾಯಿಬಿಟ್ಟು ಕೇಳಿ ತಂದುಕೊಂಡದ್ದನ್ನು ಮುಚ್ಚಿಹಾಕುತ್ತಿದ್ದೇವೆ ಅಂದರೆ ಏನೋ ಮರೆತಿದ್ದೇವೆ ಅಂತಲೇ ಅರ್ಥ. ಚಿಕನ್ ಸ್ಕೀಮ್ ಮಧ್ಯದ ದಾರಿ ಹಿಡಿಯುತ್ತದೆ, ಇಂಪೋರ್ಟ್ ಆದದ್ದನ್ನು ಮತ್ತೆ ಡಿಫೈನ್ ಮಾಡುತ್ತಿದ್ದೀರಿ ಅಂತ ಎಚ್ಚರಿಸಿ ಮುಂದೆ ಹೋಗುತ್ತದೆ.

ಒಂದು ವಿಷಯ ಇಲ್ಲಿ ಬಿಡಿಸಿ ಹೇಳಬೇಕು, ಯಾಕೆಂದರೆ ತಮ್ಮನಿಗೂ ಇಲ್ಲಿ ಗೊಂದಲವಾಯಿತು. ಈ ನಿಯಮಗಳೆಲ್ಲ ಮಾಡ್ಯೂಲ್‌ನ ಮೇಲ್ಮಟ್ಟದ ಡಿಫೈನ್‌ಗಳಿಗೆ. ಪ್ರೊಸೀಜರ್‌ನ ಆರ್ಗ್ಯುಮೆಂಟ್‌ಗೋ ಲೆಟ್‌ನ ಒಳಗಿನ ಹೆಸರಿಗೋ ಲಿಸ್ಟ್ ಅಂತ, ಫೋಲ್ಡ್ ಅಂತ ಇಟ್ಟುಕೊಂಡರೆ ಯಾವ ಗ್ರಂಥವೂ ತಪ್ಪು ಅನ್ನುವುದಿಲ್ಲ. ಆ ಹೆಸರು ಆ ಆವರಣದ ಒಳಗಷ್ಟೇ ಬದುಕುತ್ತದೆ. ಹಾಗೆಯೇ, ನನ್ನ ಫೈಲಿನಲ್ಲಿ ನಾನು ಫೋಲ್ಡ್ ಬರೆದ ಮಾತ್ರಕ್ಕೆ ಸರ್ಫಿ-1ರ ಒಳಗಿನ ಬೇರೆ ಪ್ರೊಸೀಜರ್‌ಗಳು ಕೆಡುವುದೂ ಇಲ್ಲ. ಅವು ತಮ್ಮ ಫೋಲ್ಡ್ ಅನ್ನೇ ನೋಡುತ್ತವೆ.

ನಮ್ಮ ಕಡೆ ಸೆಂಟ್ ಅನ್ನುವ ಮಾತೇ ಇದಕ್ಕೆ ಒಳ್ಳೆಯ ಉದಾಹರಣೆ. ಮಳೆ ಪುಸ್ತಕದಲ್ಲಿ ಸೆಂಟ್ ಅಂದರೆ ಇಂಚಿನ ನೂರರಲ್ಲಿ ಒಂದು ಪಾಲು. ಜಾಗದ ಪತ್ರದಲ್ಲಿ ಸೆಂಟ್ ಅಂದರೆ ಎಕರೆಯ ನೂರರಲ್ಲಿ ಒಂದು ಪಾಲು. ಎರಡೂ ಒಂದೇ ಬೀರುವಿನಲ್ಲಿ ಇರುತ್ತವೆ, ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ. ಯಾವ ಪುಸ್ತಕ ತೆರೆದಿದ್ದೇವೆ ಅನ್ನುವುದು ಗೊತ್ತಿರುತ್ತದೆ. ಎರಡೂ ಪುಸ್ತಕದ ಹಾಳೆಗಳನ್ನು ಬಿಚ್ಚಿ ಒಟ್ಟಿಗೆ ಹೊಲಿದರೆ ಮಾತ್ರ ಕಷ್ಟ. ಇಡೀ ಲೈಬ್ರರಿಯನ್ನು ಫೈಲಿಗೆ ಸುರಿದುಕೊಂಡಾಗ ನಾನು ಮಾಡಿದ್ದು ಅದನ್ನೇ.

ಇನ್ನು ಆ ಎರಡು ದಿನದಲ್ಲಿ ನನಗೆ ಕಂಡ ಮುಖ್ಯ ಮಾತು. ಸೆಪ್ಟೆಂಬರಿನ ಮರೆವನ್ನು ಯಾವ ಸ್ಕೀಮೂ ಹಿಡಿಯುತ್ತಿರಲಿಲ್ಲ. ಆರ್‌6ಆರ್‌ಎಸ್ ಆಗಲಿ, ರ‍್ಯಾಕೆಟ್ ಆಗಲಿ. ಯಾಕೆಂದರೆ ಆ ಹೊತ್ತಿಗೆ ಫೈಲಿನಲ್ಲಿ ಜಗಳವೇ ಉಳಿದಿರಲಿಲ್ಲ. ಒಂದೇ ಫೋಲ್ಡ್ ಇತ್ತು, ಸರ್ಫಿ-1ರದ್ದು. ಅದು ಪೂರ್ತಿ ಕಾನೂನುಬದ್ಧ ಫೈಲ್. ಹಿಡಿಯಬಹುದಾಗಿದ್ದ ದಿನ ಅದಕ್ಕಿಂತ ಬಹಳ ಹಿಂದಿನದು. ನಾನು ಎರಡು ಪ್ರೊಸೀಜರ್‌ಗೋಸ್ಕರ ಇಡೀ ಲೈಬ್ರರಿ ತಂದುಕೊಂಡ ದಿನ. ತಮ್ಮ ಅವತ್ತಿನಿಂದ ತನ್ನ ಮರೆವಿನ ಬಗ್ಗೆ ನೊಂದುಕೊಳ್ಳುತ್ತಿದ್ದ. ಬೇರು ನನ್ನ ಸಾಲಿನಲ್ಲಿದೆ ಅಂತ ಅವನಿಗೆ ಕೂರಿಸಿ ಹೇಳಿದೆ.

ಸರಿ ಮಾಡಿದ ಬಗೆ

ತಮ್ಮನ ಮೊದಲ ಪರಿಹಾರ ಸಹಜವಾದದ್ದು. ಮರೆತಿದ್ದ ಸಾಲನ್ನು ಸೇರಿಸಿದ. ಸರ್ಫಿ-1ರ ಕೆಳಗೆ ಸಲಕರಣೆಯ ಇಂಪೋರ್ಟ್. ಒಣ ದಿನ 41 ಅಂತ ಬಂತು. ಜೊತೆಗೆ ಈ ಸಲ ಗೈಲ್ ಮಾತಾಡಿತು, ಫೋಲ್ಡ್ ಎರಡು ಕಡೆಯಿಂದ ಇಂಪೋರ್ಟ್ ಆಗಿದೆ ಅಂತ ಎಚ್ಚರಿಸಿತು. ಎರಡು ಇಂಪೋರ್ಟ್‌ಗಳ ನಡುವಿನ ಜಗಳಕ್ಕೆ ಗೈಲ್ ಎಚ್ಚರಿಕೆ ಕೊಡುತ್ತದೆ. ನಮ್ಮ ಡಿಫೈನ್ ಮತ್ತು ಇಂಪೋರ್ಟ್ ನಡುವಿನದ್ದಕ್ಕೆ ಕೊಡುವುದಿಲ್ಲ.

ನಾನು ಎರಡು ಸಾಲುಗಳನ್ನು ಮೇಲೆ ಕೆಳಗೆ ಮಾಡಿದೆ, ಬೇರೇನೂ ಮುಟ್ಟಲಿಲ್ಲ. ಒಣ ದಿನ ಮತ್ತೆ 1. ಎರಡು ಮಾಡ್ಯೂಲ್‌ಗಳಿಂದ ಒಂದೇ ಹೆಸರು ಬಂದರೆ ಗೈಲ್ ಎಚ್ಚರಿಸಿ ಕೊನೆಯದನ್ನು ಇಟ್ಟುಕೊಳ್ಳುತ್ತದೆ. ಅಂದರೆ ನಾಳೆ ಯಾರಾದರೂ ಇಂಪೋರ್ಟ್ ಸಾಲುಗಳನ್ನು ಅಂದವಾಗಿ ಅಕಾರಾದಿಯಲ್ಲಿ ಜೋಡಿಸಿದರೆ ದೊಡ್ಡಪ್ಪನ ಸ್ಪ್ರಿಂಕ್ಲರ್ ಲೆಕ್ಕ ಬದಲಾಗುತ್ತದೆ. ಎಚ್ಚರಿಕೆ ಬರುತ್ತದಲ್ಲ ಅಂದ ತಮ್ಮ. ಬರುತ್ತದೆ, ಆದರೆ ಬೆಳಗಿನ ಜಾವ ಕ್ರಾನ್ ಓಡಿಸುವಾಗ ಅದನ್ನು ಓದಲು ಯಾರೂ ಇರುವುದಿಲ್ಲ.

ಹಾಗಾಗಿ ಇದ್ದ ದಾರಿಗಳನ್ನು ಒಂದೊಂದಾಗಿ ತೂಗಿದೆವು. ಗ್ರಂಥದಲ್ಲಿ ಇಂಪೋರ್ಟ್‌ಗೆ ನಾಲ್ಕು ತಿದ್ದುಪಡಿಗಳಿವೆ: ಓನ್ಲಿ, ಎಕ್ಸೆಪ್ಟ್, ರಿನೇಮ್, ಪ್ರಿಫಿಕ್ಸ್. ಗೈಲ್‌ನ ಸ್ವಂತ ಯೂಸ್-ಮಾಡ್ಯೂಲ್ ಬಳಸುವವರಿಗೆ ಸೆಲೆಕ್ಟ್, ಹೈಡ್, ಪ್ರಿಫಿಕ್ಸ್ ಅಂತ ಸಿಗುತ್ತವೆ. ಕೆಲಸ ಅದೇ.

ಎಕ್ಸೆಪ್ಟ್ ಬಳಸಿ ಫೋಲ್ಡ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ತರಬಹುದಿತ್ತು. ನನಗೆ ಅದು ಇಷ್ಟವಾಗಲಿಲ್ಲ. ಇವತ್ತು ಗೊತ್ತಿರುವ ಒಬ್ಬ ಕಳ್ಳನ ಹೆಸರು ಗೇಟಿನಲ್ಲಿ ಬರೆದು ಹಾಕಿ ಗೇಟು ತೆರೆದಿಟ್ಟ ಹಾಗೆ. ನಾಳೆ ಲೈಬ್ರರಿಗೆ ಹೊಸ ಹೆಸರು ಸೇರಿದರೆ ಅದೂ ಒಳಗೆ ಬರುತ್ತದೆ.

ರಿನೇಮ್ ಯಾವಾಗ ಬೇಕು ಅಂದರೆ, ಲೈಬ್ರರಿಯ ಪ್ರೊಸೀಜರ್ ಅನ್ನೇ ಸ್ವಲ್ಪ ಬದಲಿಸಿ ಅದೇ ಹೆಸರಿನಲ್ಲಿ ಹೊರಗೆ ಕೊಡಬೇಕಾದಾಗ. ಹಳೆಯದನ್ನು ಬೇರೆ ಹೆಸರಿನಲ್ಲಿ ತಂದುಕೊಂಡು, ಹೊಸದರ ಒಳಗಿನಿಂದ ಅದನ್ನು ಕರೆಯಬಹುದು. ನಮ್ಮ ಕೆಲಸ ಅದಲ್ಲ.

ಪ್ರಿಫಿಕ್ಸ್ ದೊಡ್ಡಪ್ಪನಿಗೂ ಅರ್ಥವಾಯಿತು. ಕೊಡವರಲ್ಲಿ ಮನೆಪೆದ, ಅಂದರೆ ಮನೆತನದ ಹೆಸರು, ಹೆಸರಿನ ಮುಂದೆಯೇ ಬರುತ್ತದೆ. ಜನರಲ್ ತಿಮ್ಮಯ್ಯ ಅಂದರೆ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಊರಲ್ಲಿ ನಾಲ್ಕು ತಿಮ್ಮಯ್ಯ ಇದ್ದರೂ ಮನೆಪೆದ ಸೇರಿಸಿ ಹೇಳಿದರೆ ಯಾರು ಅಂತ ಗೊತ್ತಾಗುತ್ತದೆ. ಹಾಗೆಯೇ ಸರ್ಫಿ-1ರಿಂದ ಬರುವ ಪ್ರತಿಯೊಂದು ಹೆಸರಿಗೂ ಮುಂದೆ ಒಂದು ಮನೆ ಹೆಸರು ಹಚ್ಚಬಹುದು. ಒಂದು ಲೈಬ್ರರಿಯಿಂದ ಮೂವತ್ತು ನಲವತ್ತು ಹೆಸರು ಬಳಸುವ ಕಡೆ ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನಮಗೆ ಬೇಕಾಗಿದ್ದದ್ದು ಎರಡೇ ಹೆಸರು.

ಕೊನೆಗೆ ಓನ್ಲಿ ಉಳಿಯಿತು. ಸರ್ಫಿ-1ರಿಂದ ಫಿಲ್ಟರ್-ಮ್ಯಾಪ್ ಮತ್ತು ಲಾಸ್ಟ್ ಮಾತ್ರ:

(ಇಂಪೋರ್ಟ್ (ಓನ್ಲಿ (ಸರ್ಫಿ ಸರ್ಫಿ-1) ಫಿಲ್ಟರ್-ಮ್ಯಾಪ್ ಲಾಸ್ಟ್))

ಇದು ಮೊದಲ ದಿನದಿಂದ ಇದ್ದಿದ್ದರೆ ಏನಾಗುತ್ತಿತ್ತು ಅಂತ ಖಾತ್ರಿ ಮಾಡಿಕೊಳ್ಳಲು ಗಿಟ್‌ನಲ್ಲಿ ಸೆಪ್ಟೆಂಬರಿಗೆ ಹಿಂದಿರುಗಿ, ಈ ಒಂದು ಸಾಲು ಮಾತ್ರ ಬದಲಿಸಿ, ಓಡಿಸಿದೆವು. ಫೋಲ್ಡ್ ಅನ್ನುವ ಹೆಸರಿಗೆ ಬೆಲೆಯೇ ಇಲ್ಲದಿರಬಹುದು ಅಂತ ಕಂಪೈಲ್ ಮಾಡುವಾಗಲೇ ಗೈಲ್ ಹೇಳಿತು, ಓಡಿಸಿದಾಗ ನಿಂತುಬಿಟ್ಟಿತು. ಅವತ್ತೇ, ಅಲ್ಲೇ, ಎರಡು ನಿಮಿಷದ ಕೆಲಸವಾಗಿ ಮುಗಿಯುತ್ತಿತ್ತು.

ನನ್ನ ಸ್ವಂತ ಫೋಲ್ಡ್ ಅನ್ನು ತೆಗೆದೇ ಹಾಕಿದೆ. ನಾನು ಬರೆದದ್ದು ಹೊಸದೇನಲ್ಲ. ಮೊತ್ತ ಮೊದಲು, ಅಂಶ ಆಮೇಲೆ ಕೊಡುವ ಪ್ರೊಸೀಜರ್ ಆರ್‌6ಆರ್‌ಎಸ್‌ನ ಪಟ್ಟಿ ಲೈಬ್ರರಿಯಲ್ಲಿ ಫೋಲ್ಡ್-ಲೆಫ್ಟ್ ಅನ್ನುವ ಹೆಸರಿನಲ್ಲಿದೆ. ಗೈಲ್‌ನಲ್ಲೂ ಅದು ಸಿಗುತ್ತದೆ. ಅದನ್ನೂ ಓನ್ಲಿ ಹಾಕಿಯೇ ತಂದುಕೊಂಡೆವು. ಇಲ್ಲಿ ಓನ್ಲಿ ಬಿಟ್ಟರೆ ಇನ್ನೊಂದು ಗುಂಡಿ ಕಾದಿದೆ. ರಿಮೂವ್ ಅನ್ನುವ ಹೆಸರು ಎರಡೂ ಲೈಬ್ರರಿಯಲ್ಲಿದೆ. ಆರ್‌6ಆರ್‌ಎಸ್‌ನ ರಿಮೂವ್‌ಗೆ ತೆಗೆಯಬೇಕಾದ ವಸ್ತುವನ್ನೇ ಕೊಡಬೇಕು. ಸರ್ಫಿ-1ರ ರಿಮೂವ್‌ಗೆ ಯಾವುದನ್ನು ತೆಗೆಯಬೇಕು ಅಂತ ಪರೀಕ್ಷಿಸುವ ಪ್ರೊಸೀಜರ್ ಕೊಡಬೇಕು. ವಸ್ತುವನ್ನು ಕೊಟ್ಟು ತೆಗೆಸುವುದಕ್ಕೆ ಸರ್ಫಿ-1 ಇಟ್ಟ ಹೆಸರು ಡಿಲೀಟ್. ಪರೀಕ್ಷೆ ಮಾಡಿ ತೆಗೆಯುವುದಕ್ಕೆ ಆರ್‌6ಆರ್‌ಎಸ್ ಇಟ್ಟ ಹೆಸರು ರೆಂಪಿ. ಎರಡನ್ನೂ ಇಡಿಯಾಗಿ ತಂದವರು ಈ ರಿಮೂವ್‌ನಲ್ಲಿ ಬಿದ್ದೇ ಬೀಳುತ್ತಾರೆ.

ಪ್ರೊಸೀಜರ್ ಒಂದನ್ನು ಫೈಲಿನಿಂದ ಫೈಲಿಗೆ ಸಾಗಿಸುವಾಗ ನಾವು ಈಗ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಮೊದಲು ಇದ್ದಲ್ಲೇ ಅದರ ಹೆಸರು ಬದಲಿಸುತ್ತೇವೆ, ಎಲ್ಲೂ ಇಲ್ಲದ ಒಂದು ಹೆಸರು. ಕನ್ನಡದ ಹೆಸರಾದರೆ ಇನ್ನೂ ಒಳ್ಳೆಯದು, ಗೈಲ್ ಕನ್ನಡ ಅಕ್ಷರದ ಹೆಸರುಗಳನ್ನು ಒಪ್ಪುತ್ತದೆ. ಎಲ್ಲ ಓಡುತ್ತದೆ ಅಂತ ನೋಡಿ, ಆಮೇಲೆ ಸಾಗಿಸುತ್ತೇವೆ. ಎಲ್ಲಾದರೂ ಇಂಪೋರ್ಟ್ ಮರೆತರೆ ಆ ಹೆಸರಿನ ಕೆಳಗೆ ಮಲಗಿರುವ ಇನ್ನೊಂದು ಇರುವುದಿಲ್ಲ, ಪ್ರೋಗ್ರಾಮ್ ಕೂಗುತ್ತದೆ.

ಆರು ದಿನದ ಪಟ್ಟಿ ಈಗ ಪರೀಕ್ಷೆಯ ಫೈಲಿನಲ್ಲಿದೆ. 0, 0, 35, 0, 0, 0 ಕೊಟ್ಟರೆ 3 ಬರಬೇಕು. ಬರದಿದ್ದರೆ ಬೆಳಿಗ್ಗೆ ಕಾಗದ ಅಚ್ಚಾಗುವುದಿಲ್ಲ, ತಮ್ಮನ ಫೋನಿಗೆ ಸಂದೇಶ ಹೋಗುತ್ತದೆ. ಎಚ್ಚರಿಕೆಗಳನ್ನೂ ಒಂದು ಫೈಲಿಗೆ ಬರೆಸಿ, ಅದು ಖಾಲಿ ಇಲ್ಲದಿದ್ದರೂ ಹಾಗೇ ಮಾಡುವಂತೆ ಇಟ್ಟಿದ್ದೇವೆ.

ಫೆಬ್ರವರಿ 17ರ ಕಾಗದದಲ್ಲಿ ಒಣ ದಿನ 44 ಅಂತ ಬಂತು. ದೊಡ್ಡಪ್ಪ ಮಳೆ ಪುಸ್ತಕ ತೆರೆದು, ಜನವರಿ 5ರಿಂದ ಗೆರೆಗಳನ್ನು ಬೆರಳಲ್ಲಿ ಎಣಿಸುತ್ತಾ ಬಂದರು. ಕೊನೆಯ ಗೆರೆಯ ಮೇಲೆ ಬೆರಳಿಟ್ಟು "ಸರಿ ಇದೆ" ಅಂದರು. ಕೆರೆಯ ಪಂಪಿಗೆ ಡೀಸೆಲ್ ತರಲು ತಮ್ಮನನ್ನು ಕಳಿಸಿದರು. ಅವನ ಕಾಫಿ ಲೆಕ್ಕದ ಫೈಲಿನಲ್ಲಿ ಇನ್ನೂ ಎರಡು ಕಡೆ ಇಡೀ ಲೈಬ್ರರಿಯ ಇಂಪೋರ್ಟ್ ಉಳಿದಿದೆ. ಅವನು ವಾಪಸ್ ಬಂದ ಮೇಲೆ ಅದನ್ನು ಬಿಚ್ಚಲು ಕೂರಬೇಕು.